ಮಾತಿಗೂ ಮೌನಕ್ಕೂ ಕಾವಲು

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ನಡೆದ ಸಣ್ಣ ಸಂಗತಿಯೊಂದರಿಂದ ಈ ಮಾತನ್ನು ಪ್ರಾರಂಭಿಸುತ್ತೇನೆ. ಅಂದು ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನ. ಕಚೇರಿಯ ಕಿಟಕಿಗಳ ಮುಂದೆ ಹುಡುಗರ ಸಾಲು ಅಂಗಳದವರೆಗೂ ಬೆಳೆದಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಕಚೇರಿಯ ಕಂಪ್ಯೂಟರುಗಳೆಲ್ಲ ಒಮ್ಮೆಗೇ ಮೂಕವಾದವು. ಹಣ ತೆಗೆದುಕೊಳ್ಳುವಂತಿಲ್ಲ, ರಸೀದಿ ಕೊಡುವಂತಿಲ್ಲ. ಆ ಕಾಲೇಜಿನ ಕಂಪ್ಯೂಟರ್ ಜಾಲವನ್ನು ಅಣಿಗೊಳಿಸಿದ್ದವನು ನಾನೇ ಆದುದರಿಂದ ನನಗೆ ಕರೆ ಬಂತು.

ಹೋಗಿ ನೋಡಿದರೆ ಯಾವ ಯಂತ್ರವೂ ಕೆಟ್ಟಿರಲಿಲ್ಲ. ತಂತಿಗಳನ್ನು ಒಟ್ಟುಗೂಡಿಸುವ ಪೆಟ್ಟಿಗೆಗಳಲ್ಲಿ ಎಂದೂ ಬಿಟ್ಟು ಬಿಟ್ಟು ಮಿನುಗುವ ಹಸಿರು ದೀಪಗಳು ಅಂದು ಬಿಡುವಿಲ್ಲದೆ, ಉಸಿರುಗಟ್ಟಿದಂತೆ ಮಿಡಿಯುತ್ತಿದ್ದವು. ಒಂದೊಂದೇ ತಂತಿಯನ್ನು ಕಿತ್ತು ನೋಡುತ್ತ ಹೋಗಿ, ಮಧ್ಯಾಹ್ನ ಎರಡರ ಸುಮಾರಿಗೆ ಗ್ರಂಥಾಲಯದ ಓದುಕೋಣೆಯಲ್ಲಿ ಕಾರಣವನ್ನು ಕಂಡೆ. ಗೋಡೆಯ ಒಂದು ಕಿಂಡಿಯಿಂದ ಹೊರಟ ಮೊಳದುದ್ದದ ತಂತಿ ಪಕ್ಕದ ಇನ್ನೊಂದು ಕಿಂಡಿಗೇ ಹೋಗಿ ಸೇರಿಕೊಂಡಿತ್ತು. ಬೆಳಿಗ್ಗೆ ಕೋಣೆ ಗುಡಿಸಿದ ಅಟೆಂಡರು, ಯಾರೋ ಬಿಟ್ಟುಹೋದ ತಂತಿಯ ತುದಿ ನೆಲದ ಮೇಲೆ ಬಿದ್ದಿದ್ದುದನ್ನು ನೋಡಿ, ಯಾರ ಕಾಲಿಗಾದರೂ ತೊಡರೀತೆಂದು ಅದನ್ನು ಖಾಲಿ ಕಂಡ ಕಿಂಡಿಗೆ ಸಿಕ್ಕಿಸಿದ್ದರು. ತಂತಿಯನ್ನು ಎಳೆದುಹಾಕಿದೆ. ಅರೆನಿಮಿಷದಲ್ಲಿ ಇಡೀ ಕಾಲೇಜು ಮತ್ತೆ ಉಸಿರಾಡತೊಡಗಿತು. ಮರುದಿನ ಅಟೆಂಡರಿಗೆ ಕಾರಣ ಕೇಳುವ ಮೆಮೊ ಹೋಯಿತು. ಆ ಮೆಮೊ ಏನಾಯಿತೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊಳದುದ್ದದ ತಂತಿಯೊಂದು ನೂರಾರು ಯಂತ್ರಗಳನ್ನು ನಿಲ್ಲಿಸುವುದು ಹೇಗೆ? ಇದನ್ನು ತಿಳಿಯಲು ಆ ಪೆಟ್ಟಿಗೆಯ ಸ್ವಭಾವವನ್ನು ಸ್ವಲ್ಪ ಅರಿಯಬೇಕು. ಅದನ್ನು ಸ್ವಿಚ್ ಎಂದು ಕರೆಯುತ್ತಾರೆ. ದೀಪದ ಸ್ವಿಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಇದು ಅಂಚೆ ಕಚೇರಿಯಲ್ಲಿ ಕಾಗದಗಳನ್ನು ವಿಂಗಡಿಸುವ ಮೇಜಿನಂಥದು. ಕಂಪ್ಯೂಟರುಗಳು ಪರಸ್ಪರ ಕಳಿಸುವ ಸಂದೇಶಗಳು ಫ್ರೇಮ್ ಎಂಬ ಲಕೋಟೆಗಳಲ್ಲಿ ಬರುತ್ತವೆ. ಪ್ರತಿ ಲಕೋಟೆಯ ಮೇಲೂ ಕಳಿಸಿದವರ ವಿಳಾಸ ಮತ್ತು ಸೇರಬೇಕಾದವರ ವಿಳಾಸ ಇರುತ್ತದೆ. ಯಾವ ಕಿಂಡಿಯಿಂದ ಯಾರ ಲಕೋಟೆ ಬಂತೆಂಬುದನ್ನು ಸ್ವಿಚ್ ನೆನಪಿಟ್ಟುಕೊಂಡು, ಮುಂದೆ ಅವರ ಹೆಸರಿಗೆ ಬಂದುದನ್ನು ಅದೇ ಕಿಂಡಿಗೆ ಕಳಿಸುತ್ತದೆ. ಈ ಕಿಂಡಿಗಳಿಗೆ ಪೋರ್ಟ್ ಎಂದು ಹೆಸರು. ವಿಳಾಸ ಗೊತ್ತಿಲ್ಲದಿದ್ದರೆ, ಅಥವಾ ಎಲ್ಲರಿಗೂ ತಲಪಬೇಕಾದ ಡಂಗುರದಂಥ ಸಂದೇಶವಾಗಿದ್ದರೆ, ಬಂದ ಪೋರ್ಟೊಂದನ್ನು ಬಿಟ್ಟು ಉಳಿದ ಎಲ್ಲ ಪೋರ್ಟುಗಳಿಗೂ ಅದರ ಪ್ರತಿಯನ್ನು ಹೊರಡಿಸುತ್ತದೆ.

ಜಾಲದಲ್ಲಿ ಎಲ್ಲಿಯಾದರೂ ಒಂದು ಸುತ್ತು, ಎಂದರೆ ಹೊರಟಲ್ಲಿಗೇ ಮರಳಿ ಬರುವ ದಾರಿ, ಇದೆಯೆನ್ನೋಣ. ಡಂಗುರದ ಒಂದು ಲಕೋಟೆ ಆ ಸುತ್ತಿಗೆ ಬಿದ್ದರೆ ಎರಡು ದಿಕ್ಕಿನಿಂದಲೂ ತಿರುಗಿ ಬರುತ್ತದೆ. ಸ್ವಿಚ್ ಅದನ್ನು ಹೊಸದೆಂದೇ ಬಗೆದು ಮತ್ತೆ ಎಲ್ಲೆಡೆಗೂ ಸಾರುತ್ತದೆ. ಇಂಟರ್‌ನೆಟ್ಟಿನ ದೂರದ ದಾರಿಗಳಲ್ಲಿ ಸಾಗುವ ಪ್ಯಾಕೆಟ್ಟಿಗೆ ಆಯುಸ್ಸಿನ ಒಂದು ಲೆಕ್ಕವನ್ನು ಬರೆದಿರುತ್ತಾರೆ. ಪ್ರತಿ ನಿಲ್ದಾಣದಲ್ಲೂ ಅದರಲ್ಲಿ ಒಂದು ಕಳೆಯುತ್ತದೆ. ಸೊನ್ನೆಯಾದೊಡನೆ ಪ್ಯಾಕೆಟ್ ನಾಶವಾಗುತ್ತದೆ. ಈಥರ್ನೆಟ್ಟಿನ ಲಕೋಟೆಗೆ ಅಂಥ ಲೆಕ್ಕವಿಲ್ಲ. ಅದಕ್ಕೆ ಹುಟ್ಟುಂಟು, ಸಾವಿಲ್ಲ. ಸೆಕೆಂಡಿಗೆ ಒಂದು ಗಿಗಾಬಿಟ್ ಸಾಗಿಸುವ ಸಾಧಾರಣ ತಂತಿಯೊಂದರಲ್ಲಿ ಅತಿ ಚಿಕ್ಕ ಲಕೋಟೆಗಳು ಸೆಕೆಂಡಿಗೆ ಸುಮಾರು 14 ಲಕ್ಷ 88 ಸಾವಿರದಷ್ಟು ಹಾಯಬಲ್ಲವು. ಕೆಲವೇ ಡಂಗುರಗಳು ತಿರುತಿರುಗಿ ಆ ದಾರಿಯನ್ನೆಲ್ಲ ತುಂಬಿಬಿಟ್ಟರೆ ಶುಲ್ಕದ ರಸೀದಿಗೆ ಎಡೆಯೆಲ್ಲಿ? ಇದನ್ನೇ ಪ್ರಸಾರದ ಬಿರುಗಾಳಿ ಎನ್ನುವುದು.

ಹಾಗಿದ್ದರೆ ಸುತ್ತೇ ಇಲ್ಲದಂತೆ ತಂತಿ ಎಳೆಯಬಾರದೆ ಎಂದು ನೀವು ಕೇಳಬಹುದು. ಎಳೆಯಬಹುದು. ಆದರೆ ಊರಿಗೆ ಒಂದೇ ದಾರಿಯಿದ್ದರೆ ಹೊಳೆಗೆ ನೆರೆ ಬಂದ ದಿನ ಊರು ದ್ವೀಪವಾಗುತ್ತದೆ. ಇಲಿ ಕಡಿದ ಒಂದು ತಂತಿಗಾಗಿ ಒಂದು ಕಟ್ಟಡದ ಕೆಲಸವೆಲ್ಲ ನಿಲ್ಲಬಾರದೆಂದರೆ ಎರಡನೆಯ ದಾರಿ ಬೇಕೇ ಬೇಕು. ಎರಡನೆಯ ದಾರಿ ಬಂದೊಡನೆ ಸುತ್ತೂ ಬರುತ್ತದೆ. ಕಾಪಾಡಲೆಂದು ತಂದುದೇ ಕೊಲ್ಲುವುದಕ್ಕೂ ಸಾಕು ಎಂಬ ಸಂಕಟ ಇದು.

ಈ ಸಂಕಟಕ್ಕೆ ಪರಿಹಾರವನ್ನು ಕಂಡವರು ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ಮಹಿಳೆ. ಅವರು ಆಗ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಲ್ಲಿ ಎಂಜಿನಿಯರಾಗಿದ್ದರು. ಮೇಲಧಿಕಾರಿ ಒಂದು ಶುಕ್ರವಾರ ಈ ಸಮಸ್ಯೆಯನ್ನು ಒಪ್ಪಿಸಿ ರಜೆಯ ಮೇಲೆ ಹೋದರಂತೆ. ಅದೇ ರಾತ್ರಿ ಉಪಾಯ ಹೊಳೆಯಿತಂತೆ. ಸೋಮವಾರ, ಮಂಗಳವಾರಗಳಲ್ಲಿ ಅದನ್ನು ಬರೆದು ಮುಗಿಸಿ, ವಾರದ ಉಳಿದ ದಿನಗಳನ್ನು ಅವರು ಒಂದು ಪದ್ಯಕ್ಕೆ ಕೊಟ್ಟರಂತೆ. ಅವರೇ ಹೇಳಿಕೊಂಡಿರುವ ಕಥೆ ಇದು. ಜಾಯ್ಸ್ ಕಿಲ್ಮರ್ ಎಂಬ ಕವಿ ಮರಗಳನ್ನು ಕುರಿತು ಬರೆದ, ಅಮೆರಿಕದ ಶಾಲೆಯ ಮಕ್ಕಳಿಗೆಲ್ಲ ಬಾಯಿಪಾಠವಾಗಿದ್ದ ಕವಿತೆಯ ಧಾಟಿಯಲ್ಲಿ ಪರ್ಲ್‌ಮನ್ ತಮ್ಮ ವಿಧಾನವನ್ನೇ ಪದ್ಯವಾಗಿಸಿ, 1985ರಲ್ಲಿ ಪ್ರಕಟವಾದ ತಮ್ಮ ಶಾಸ್ತ್ರೀಯ ಲೇಖನದಲ್ಲೇ ಸೇರಿಸಿದರು. ಗಣಿತದ ಲೇಖನಕ್ಕೆ ಪದ್ಯ ಸೇರಿದ ಈ ಪ್ರಸಂಗ ಸಾಹಿತ್ಯಪ್ರಿಯರಿಗೆ ಹಿತವಾದೀತು.

ಉಪಾಯ ಬಹಳ ಸರಳ. ತಂತಿಗಳು ಎಷ್ಟು ಸುತ್ತು ಹಾಕಿಕೊಂಡಿದ್ದರೂ ಸರಿ, ಅವುಗಳೊಳಗೆ ಒಂದು ಮರವನ್ನು ಗುರುತಿಸಬೇಕು. ಮರದಲ್ಲಿ ಸುತ್ತು ಇಲ್ಲ. ಕೊಂಬೆಯಿಂದ ಕೊಂಬೆಗೆ ಹೋಗಲು ಒಂದೇ ದಾರಿ. ಎಲ್ಲ ಸ್ವಿಚ್ಚುಗಳನ್ನೂ ಮುಟ್ಟುವ ಮರವಾದುದರಿಂದ ಇದಕ್ಕೆ ಸ್ಪ್ಯಾನಿಂಗ್ ಟ್ರೀ ಎಂಬ ಹೆಸರು. ಮರಕ್ಕೆ ಸೇರದ ತಂತಿಗಳನ್ನು ಕತ್ತರಿಸುವುದಿಲ್ಲ. ಅವುಗಳ ತುದಿಯ ಒಂದು ಪೋರ್ಟನ್ನು ತಡೆದು ನಿಲ್ಲಿಸಿರುತ್ತಾರೆ. ಕೊಂಬೆಯೊಂದು ಮುರಿದರೆ ತಡೆದ ಪೋರ್ಟು ತೆರೆದುಕೊಂಡು ಮರ ಬೇರೆ ಆಕಾರದಲ್ಲಿ ಮತ್ತೆ ಪೂರ್ತಿಯಾಗುತ್ತದೆ.

ಮರಕ್ಕೊಂದು ಬೇರು ಬೇಕಷ್ಟೆ. ಪ್ರತಿ ಸ್ವಿಚ್ಚೂ ಮೊದಲು ತಾನೇ ಬೇರೆಂದು ಸಾರಿಕೊಳ್ಳುತ್ತದೆ. ಪ್ರತಿಯೊಂದಕ್ಕೂ ಒಂದು ಅಂಕೆಯುಂಟು. ಅದರ ಮೊದಲ ಭಾಗ ನಾವು ಕೊಡುವ ಆದ್ಯತೆ. ಎರಡನೆಯ ಭಾಗ ಕಾರ್ಖಾನೆಯಲ್ಲಿಯೇ ಬರೆದು ಬಂದ ವಿಳಾಸ. ಅಂಕೆ ಯಾರದು ಕಡಿಮೆಯೋ ಅವರೇ ಬೇರು. ಅನಂತರ ಉಳಿದವು ಆ ಬೇರಿಗೆ ಹತ್ತಿರದ ದಾರಿಯನ್ನು ಲೆಕ್ಕ ಹಾಕಿಕೊಳ್ಳುತ್ತವೆ. ಈ ವ್ಯವಹಾರವೆಲ್ಲ ಬಿ.ಪಿ.ಡಿ.ಯು. ಎಂಬ ಚಿಕ್ಕ ಓಲೆಗಳ ಮೂಲಕ ನಡೆಯುತ್ತದೆ. ಎರಡು ಸೆಕೆಂಡಿಗೊಮ್ಮೆ ಓಲೆ ಹೊರಡುತ್ತದೆ. 1990ರಲ್ಲಿ ಪ್ರಮಾಣವಾಗಿ ಅಂಗೀಕೃತವಾದ ಹಳೆಯ ಕ್ರಮದಲ್ಲಿ ಇಪ್ಪತ್ತು ಸೆಕೆಂಡು ಓಲೆ ಬಾರದಿದ್ದರೆ ಹಳೆಯ ಸುದ್ದಿ ಸತ್ತಿತೆಂದು ತಿಳಿದು, ಇನ್ನೂ ಮೂವತ್ತು ಸೆಕೆಂಡು ಕಾದು, ತಡೆದ ಪೋರ್ಟು ತೆರೆಯುತ್ತಿತ್ತು. 2001ರಲ್ಲಿ ಬಂದ ಚುರುಕಿನ ಕ್ರಮ ಈ ಕಾಯುವಿಕೆಯನ್ನು ಬಹಳ ಮಟ್ಟಿಗೆ ಇಳಿಸಿತು.

ಇಷ್ಟು ಸುಂದರವಾದ ಏರ್ಪಾಡಿಗೆ ಕಾವಲೇಕೆ ಬೇಕು? ಇದು ಎಲ್ಲರನ್ನೂ ನಂಬುತ್ತದೆ ಎಂಬುದೇ ಕಾರಣ. ಯಾವ ಮೂಲೆಯಿಂದ ಓಲೆ ಬಂದರೂ ಇದು ಓದುತ್ತದೆ. ಅದರಲ್ಲಿ ಬರೆದುದನ್ನು ನಿಜವೆಂದೇ ಗ್ರಹಿಸುತ್ತದೆ. ಓಲೆ ಬಾರದಿದ್ದರೆ ಆಚೆಗೆ ಯಾರೂ ಇಲ್ಲವೆಂದುಕೊಳ್ಳುತ್ತದೆ. ಆದುದರಿಂದ ಇದು ಎರಡು ಬಗೆಯಲ್ಲಿ ಮೋಸಹೋಗಬಹುದು. ಮಾತನಾಡಬಾರದವರು ಮಾತನಾಡಿದಾಗ ಒಂದು. ಮಾತನಾಡಬೇಕಾದವರು ಮೌನವಾದಾಗ ಇನ್ನೊಂದು. ಸ್ವಿಚ್ಚುಗಳಲ್ಲಿ ಇಂದು ದೊರೆಯುವ ಕಾವಲುಗಳ ಹೆಸರುಗಳು ಹಲವು. ಈ ಎರಡು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅವು ಗೊಂದಲವೆನಿಸುವುದಿಲ್ಲ.

ಮೊದಲು ಬೇರಿನ ವಿಷಯ. ನಾವು ಏನೂ ಹೇಳದಿದ್ದರೆ ಎಲ್ಲ ಸ್ವಿಚ್ಚುಗಳ ಆದ್ಯತೆಯೂ 32768 ಎಂದೇ ಇರುತ್ತದೆ. ಆಗ ತೀರ್ಮಾನ ಕಾರ್ಖಾನೆಯ ವಿಳಾಸಕ್ಕೆ ಬೀಳುತ್ತದೆ. ಕಡಿಮೆ ಅಂಕೆ ಬಹುಮಟ್ಟಿಗೆ ಹಳೆಯ ಪೆಟ್ಟಿಗೆಯದಾಗಿರುತ್ತದೆ. ಹಿರಿಯರೆಂಬ ಒಂದೇ ಕಾರಣಕ್ಕೆ, ಕಣ್ಣು ಕಾಣದವರ ಸೊಂಟಕ್ಕೆ ಮನೆಯ ಬೀಗದ ಕೈ ಕಟ್ಟಿದಂತೆ, ಉಗ್ರಾಣದ ಮೂಲೆಯಲ್ಲಿ ಧೂಳು ತಿನ್ನುವ ಸ್ವಿಚ್ ಇಡೀ ಜಾಲಕ್ಕೆ ಬೇರಾಗುತ್ತದೆ. ಆದುದರಿಂದ ಮೊದಲ ಕೆಲಸವೆಂದರೆ ನಡುಮನೆಯ ಬಲವಾದ ಸ್ವಿಚ್ಚಿಗೆ 4096 ಎಂದೂ ಅದಕ್ಕೆ ಜೊತೆಯಾಗಿರುವ ಎರಡನೆಯದಕ್ಕೆ 8192 ಎಂದೂ ಆದ್ಯತೆಯನ್ನು ನಾವೇ ಬರೆಯುವುದು.

ಬರೆದರೂ ಅಪಾಯ ಪೂರ್ತಿ ಹೋಗುವುದಿಲ್ಲ. ನಾಳೆ ಯಾರೋ ಸೊನ್ನೆ ಆದ್ಯತೆಯ ಒಂದು ಸ್ವಿಚ್ಚನ್ನು ತಂದು ತುದಿಯ ಕೋಣೆಯಲ್ಲಿ ಸಿಕ್ಕಿಸಿದರೆ ಪಟ್ಟ ಅದಕ್ಕೇ ಹೋಗುತ್ತದೆ. ಇದನ್ನು ತಡೆಯುವುದು ರೂಟ್ ಗಾರ್ಡ್. ನಡುವಿನ ಸ್ವಿಚ್ಚಿನಿಂದ ಕೆಳಕ್ಕೆ ಇಳಿಯುವ ಪೋರ್ಟುಗಳಲ್ಲಿ, ಎಂದರೆ ಬೇರು ಎಂದೂ ಇರಲಾರದ ದಿಕ್ಕುಗಳಲ್ಲಿ, ಇದನ್ನು ನಿಲ್ಲಿಸಬೇಕು. ತನಗಿಂತ ಮೇಲೆಂದು ಹೇಳಿಕೊಳ್ಳುವ ಓಲೆ ಆ ದಿಕ್ಕಿನಿಂದ ಬಂದರೆ ಆ ಪೋರ್ಟಿನಲ್ಲಿ ಸಂಚಾರ ನಿಲ್ಲುತ್ತದೆ. ಆ ಓಲೆಗಳು ನಿಂತ ಮೇಲೆ ಪೋರ್ಟು ತಾನಾಗಿಯೇ ತೆರೆಯುತ್ತದೆ. ತಪ್ಪು ತಿದ್ದಿಕೊಂಡವರಿಗೆ ಬಾಗಿಲು ತೆರೆಯುವ ಕಾವಲು ಇದು.

ಇದಕ್ಕಿಂತ ಕಟುವಾದುದು ಬಿ.ಪಿ.ಡಿ.ಯು. ಗಾರ್ಡ್. ಓದುಕೋಣೆಯ ಮೇಜು, ಗುಮಾಸ್ತರ ಕಂಪ್ಯೂಟರು, ಪ್ರಿಂಟರು ಇವು ಜಾಲದ ಎಲೆಗಳು. ಎಲೆಯಿಂದ ಕೊಂಬೆ ಹೊರಡುವುದಿಲ್ಲ. ಆದುದರಿಂದ ಇಂಥ ಪೋರ್ಟುಗಳನ್ನು ಮೂವತ್ತು ಸೆಕೆಂಡು ಕಾಯಿಸದೆ ಕೂಡಲೇ ತೆರೆಯುವ ಪೋರ್ಟ್ ಫಾಸ್ಟ್ ಎಂಬ ಸೌಕರ್ಯವನ್ನು ಕೊಡುತ್ತಾರೆ. ಸೌಕರ್ಯ ಕೊಟ್ಟಲ್ಲಿ ಷರತ್ತೂ ಇರಬೇಕು. ಕಂಪ್ಯೂಟರು ಎಂದೂ ಓಲೆ ಬರೆಯುವುದಿಲ್ಲವಾದುದರಿಂದ, ಅಲ್ಲಿಂದ ಒಂದೇ ಒಂದು ಬಿ.ಪಿ.ಡಿ.ಯು. ಬಂದರೂ ಅಲ್ಲಿ ಸ್ವಿಚ್ಚೊಂದು ಕುಳಿತಿದೆ ಅಥವಾ ತಂತಿ ಸುತ್ತಿಕೊಂಡಿದೆ ಎಂದೇ ಅರ್ಥ. ಗಾರ್ಡ್ ಆ ಪೋರ್ಟನ್ನು ಆ ಕ್ಷಣವೇ ಮುಚ್ಚಿಬಿಡುತ್ತದೆ. ಸಾಮಾನ್ಯವಾಗಿ ಮನುಷ್ಯರೊಬ್ಬರು ಬಂದು ಕಾರಣ ನೋಡಿ ಮತ್ತೆ ತೆರೆಯಬೇಕು. ಬೇಕೆಂದರೆ ಇಂತಿಷ್ಟು ಹೊತ್ತಾದ ಮೇಲೆ ತಾನೇ ತೆರೆಯುವಂತೆ ಹೇಳಬಹುದು. ಸಿಸ್ಕೊ ಕಂಪನಿಯ ಸ್ವಿಚ್ಚುಗಳಲ್ಲಿ ಆ ಅವಧಿಯನ್ನು ನಾವು ಬದಲಿಸದಿದ್ದರೆ ಅದು 300 ಸೆಕೆಂಡು. ಒಂದು ಮೇಜು ಕತ್ತಲಾಗುತ್ತದೆ, ಊರು ಉಳಿಯುತ್ತದೆ.

ಇನ್ನು ಮೌನದ ಅಪಾಯ. ಇದು ಹೆಚ್ಚು ಸೂಕ್ಷ್ಮ, ಹೆಚ್ಚು ಘೋರ. ಕಟ್ಟಡದಿಂದ ಕಟ್ಟಡಕ್ಕೆ ಹೋಗುವ ಗಾಜಿನೆಳೆಯ ಕೇಬಲ್ಲಿನಲ್ಲಿ ಸಾಮಾನ್ಯವಾಗಿ ಎರಡು ಎಳೆಗಳಿರುತ್ತವೆ. ಒಂದು ಹೇಳಲು, ಒಂದು ಕೇಳಲು. ಅವುಗಳಲ್ಲಿ ಒಂದು ಎಳೆ ಮಾತ್ರ ಕೆಟ್ಟಿತೆನ್ನಿ. ತಡೆದು ನಿಲ್ಲಿಸಿದ ಪೋರ್ಟಿಗೆ ಆಚೆಯಿಂದ ಓಲೆ ಬರುವುದು ನಿಲ್ಲುತ್ತದೆ. ಅದು ಪಾಪ, ಆಚೆಯವರು ಇಲ್ಲವೆಂದುಕೊಂಡು ತಡೆಯನ್ನು ತೆಗೆಯುತ್ತದೆ. ಆಚೆಯವರು ಇದ್ದೇ ಇದ್ದಾರೆ; ಇವರ ಕಿವಿಗೆ ಅವರ ದನಿ ಬೀಳುತ್ತಿಲ್ಲ, ಅಷ್ಟೆ. ಸುತ್ತು ಪೂರ್ತಿಯಾಗುತ್ತದೆ, ಬಿರುಗಾಳಿ ಏಳುತ್ತದೆ. ಲೂಪ್ ಗಾರ್ಡ್ ಇಲ್ಲಿ ನಿಂತು ಬೇರೊಂದು ನ್ಯಾಯ ಹೇಳುತ್ತದೆ: ಇಲ್ಲಿಯವರೆಗೆ ಮಾತನಾಡುತ್ತಿದ್ದವರು ಥಟ್ಟನೆ ಸುಮ್ಮನಾದರೆ ಅದನ್ನು ಅನುಮತಿಯೆಂದು ಎಣಿಸಬೇಡ, ಕೇಡೆಂದು ಎಣಿಸು. ಪೋರ್ಟು ತೆರೆಯದೆ ಹಾಗೆಯೇ ಇರುತ್ತದೆ. ಓಲೆ ಮತ್ತೆ ಬಂದ ದಿನ ತಾನಾಗಿ ಸರಿಹೋಗುತ್ತದೆ. ಯು.ಡಿ.ಎಲ್.ಡಿ. ಎಂಬ ಇನ್ನೊಂದು ಏರ್ಪಾಡು, ನಾನು ಹೇಳಿದುದು ನಿನಗೆ ಕೇಳಿಸಿತೆ ಎಂದು ಎರಡು ತುದಿಗಳಲ್ಲೂ ವಿಚಾರಿಸುತ್ತ ಒಂಟಿ ಎಳೆಯ ದೋಷವನ್ನು ಮೊದಲೇ ಕಂಡುಹಿಡಿಯುತ್ತದೆ. ಈ ಎಲ್ಲ ಕಾವಲುಗಳನ್ನೂ ದಾಟಿ ಬಿರುಗಾಳಿ ಎದ್ದೇಬಿಟ್ಟರೆ ಕೊನೆಯದಾಗಿ ಸ್ಟಾರ್ಮ್ ಕಂಟ್ರೋಲ್ ಉಂಟು. ಡಂಗುರದ ಲಕೋಟೆಗಳು ಗೊತ್ತುಪಡಿಸಿದ ಮಟ್ಟ ಮೀರಿದರೆ ಅದು ಹೆಚ್ಚಿನವನ್ನು ಹೊರಚೆಲ್ಲುತ್ತದೆ. ಕೆರೆಗೆ ಕೋಡಿಯಿದ್ದಂತೆ ಇದು, ಏರಿ ಒಡೆಯದಿರಲೆಂದು.

ಇದೆಲ್ಲ ಯಂತ್ರದವರ ತಲೆನೋವು, ನಮಗೇನು ಎಂದು ಯಾರಾದರೂ ಅಂದಾರು. ಅವರಿಗೆ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ಎಂಬ ದೊಡ್ಡ ಆಸ್ಪತ್ರೆಯ ಕಥೆಯನ್ನು ಹೇಳಬೇಕು. 2002ರ ನವೆಂಬರಿನಲ್ಲಿ ಅಲ್ಲಿಯ ಜಾಲ ಸುಮಾರು ನಾಲ್ಕು ದಿನ ಕುಸಿದು ಬಿದ್ದಿತು. ಎರಡು ಆಸ್ಪತ್ರೆಗಳು 1996ರಲ್ಲಿ ಒಂದಾಗಿ ಆದ ಸಂಸ್ಥೆ ಅದು. ಜಾಲವೂ ಬೇಕಾದಾಗ ಬೇಕಾದಲ್ಲಿ ತಂತಿ ಸೇರಿಸುತ್ತ ಬೆಳೆದಿತ್ತು. ಸ್ಪ್ಯಾನಿಂಗ್ ಟ್ರೀಯ ಕಾಲಾವಧಿಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಸ್ವಿಚ್ಚುಗಳಿಗೆ ಮೀರದ ಜಾಲಕ್ಕೆಂದು ಲೆಕ್ಕ ಹಾಕಿದ್ದರು. ಅಲ್ಲಿಯ ಜಾಲ ಆ ಮಿತಿಯನ್ನು ದಾಟಿತ್ತು. ಸಂಶೋಧಕರೊಬ್ಬರು ಬಹು ದೊಡ್ಡ ಪ್ರಮಾಣದ ಮಾಹಿತಿಯನ್ನು ಜಾಲದ ಮೇಲೆ ಹರಿಯಬಿಟ್ಟ ದಿನ ಆ ಮರ ತನ್ನ ಲೆಕ್ಕ ತಪ್ಪಿತು, ಸುತ್ತುಗಳು ಹುಟ್ಟಿದವು. ರಕ್ತಪರೀಕ್ಷೆಯ ಫಲಿತಾಂಶ, ಔಷಧದ ಆದೇಶ ಎಲ್ಲವೂ ಕಾಗದಕ್ಕೆ ಮರಳಿದವು. ಚೀಟಿಗಳನ್ನು ಹಿಡಿದು ಜನ ಮಹಡಿಯಿಂದ ಮಹಡಿಗೆ ಓಡಾಡಿದರು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾಗಿದ್ದ ಡಾ. ಜಾನ್ ಹಲಾಮ್ಕಾ ಆಮೇಲೆ ಮಾಡಿದ ಕೆಲಸ ನನಗೆ ಮೆಚ್ಚಿಗೆಯಾದುದು. ಏನಾಯಿತು, ತಮ್ಮ ಕಡೆಯಿಂದ ಎಲ್ಲಿ ತಪ್ಪಿತು ಎಂಬುದನ್ನು ಅವರು ಮುಚ್ಚಿಡದೆ, ಬೇರೆ ಆಸ್ಪತ್ರೆಗಳವರು ಕಲಿಯಲೆಂದು ಬಹಿರಂಗವಾಗಿ ಹೇಳಿದರು.

ಇಲ್ಲಿಗೆ ನಾನು ಮತ್ತೆ ಅಟೆಂಡರ ಮೆಮೊಗೆ ಬರುತ್ತೇನೆ. ಓದುಕೋಣೆಯ ತಂತಿಯನ್ನು ಎಳೆದುಹಾಕಿದ ಸಂಜೆ ಒಬ್ಬನೇ ಕುಳಿತು ಆ ಸ್ವಿಚ್ಚಿಗೆ ನಾನೇ ಬರೆದಿದ್ದ ಆಜ್ಞೆಗಳನ್ನು ಓದಿದೆ. ಬಿ.ಪಿ.ಡಿ.ಯು. ಗಾರ್ಡ್ ಎಂದಿರಬೇಕಾದ ಕಡೆ ಬಿ.ಪಿ.ಡಿ.ಯು. ಫಿಲ್ಟರ್ ಎಂದಿತ್ತು. ಕೈತಪ್ಪಿ ಬರೆದುದಲ್ಲ, ಮೇಜುಗಳ ಕಡೆಗೆ ಓಲೆಗಳು ವ್ಯರ್ಥವಾಗಿ ಹೋಗುವುದೇಕೆ ಎಂದು ಯೋಚಿಸಿ ಬರೆದುದು. ಹೆಸರಿನಲ್ಲಿ ಎರಡೂ ನೆಂಟರಂತೆ ಕಂಡರೂ ಗುಣದಲ್ಲಿ ವಿರುದ್ಧ. ಗಾರ್ಡ್ ಓಲೆಯನ್ನು ಕಂಡು ಬಾಗಿಲು ಹಾಕುತ್ತದೆ; ಪೋರ್ಟಿಗೆ ನೇರವಾಗಿ ಬರೆದ ಫಿಲ್ಟರ್ ಓಲೆಯನ್ನು ಕಳಿಸುವುದೂ ಇಲ್ಲ, ಬಂದುದನ್ನು ನೋಡುವುದೂ ಇಲ್ಲ. ಎರಡನ್ನೂ ಒಂದೇ ಪೋರ್ಟಿಗೆ ಬರೆದರೆ ಫಿಲ್ಟರಿನ ಮಾತೇ ನಡೆಯುತ್ತದೆ. ಕಾವಲಿನವನ ಕಣ್ಣಿಗೆ ಏನೂ ಬೀಳುವುದಿಲ್ಲ. ನಾನು ಆ ಕೋಣೆಯ ಪೋರ್ಟುಗಳನ್ನು ಕಿವುಡು ಮೂಕ ಮಾಡಿ ಬಂದಿದ್ದೆ. ಫಿಲ್ಟರ್ ಇಲ್ಲದಿದ್ದರೆ ಮರವೇ ಆ ಸುತ್ತನ್ನು ಕಂಡು ತಡೆಯುತ್ತಿತ್ತು. ಅಟೆಂಡರು ಸಿಕ್ಕಿಸಿದ ತಂತಿ ಕಿಡಿ ಮಾತ್ರ. ಒಣಹುಲ್ಲು ಹಾಸಿದ್ದವನು ನಾನು.

ಆ ಸಂಜೆಯೇ ಇದನ್ನು ಹೇಳಿದೆನೆಂದು ನಿಮ್ಮ ಮುಂದೆ ಹೇಳಿಕೊಳ್ಳಲು ಆಸೆ. ಹೇಳಲಿಲ್ಲ. ನಾಲ್ಕು ದಿನ ಸುಮ್ಮನಿದ್ದೆ. ನನ್ನ ಮೌನವನ್ನು ಎಲ್ಲರೂ ಒಪ್ಪಿಗೆಯೆಂದೇ ತಿಳಿದರು: ತಂತಿ ಹಾಕಿದವರದೇ ತಪ್ಪು, ಎಂಜಿನಿಯರರೂ ಬೇರೆ ಏನೂ ಹೇಳಿಲ್ಲ. ಐದನೆಯ ದಿನ ಪ್ರಾಂಶುಪಾಲರಿಗೆ ಒಂದು ಪುಟದ ಕಾಗದ ಬರೆದು ಕೈಯಲ್ಲಿಯೇ ಕೊಟ್ಟುಬಂದೆ. ಅವರು ಎರಡು ಸಲ ಓದಿ, ಮೆಮೊ ಹಿಂದಕ್ಕೆ ತೆಗೆದುಕೊಂಡರು.

ಅಟೆಂಡರಿಗೂ ಹೋಗಿ ಹೇಳಿದೆ. ಅವರಿಗೆ ಸಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ಗೋಡೆಯನ್ನು ನೋಡುತ್ತಿದ್ದು, "ಅಲ್ಲಾ ಸಾರ್, ಹಾಕಬಾರದ ತೂತಾಗಿದ್ರೆ ಅದನ್ನ ತೆರೆದು ಯಾಕೆ ಇಟ್ಟಿದ್ರಿ?" ಎಂದು ಕೇಳಿದರು. ಈ ವಿದ್ಯೆಯ ಮೇಲೆ ನಾನು ಓದಿರುವ ಪುಸ್ತಕಗಳಲ್ಲಿ ಇಷ್ಟು ನೇರವಾದ ಪ್ರಶ್ನೆಯನ್ನು ಕಂಡಿಲ್ಲ. ಆ ವಾರವೇ ಫಿಲ್ಟರನ್ನು ಅಳಿಸಿ ಎಲ್ಲ ಮೇಜುಗಳಿಗೂ ಗಾರ್ಡ್ ಬರೆದೆ. ನಡುವಿನ ಸ್ವಿಚ್ಚಿನ ಕೆಳಮುಖದ ಪೋರ್ಟುಗಳಿಗೆ ರೂಟ್ ಗಾರ್ಡ್ ಬರೆದೆ. ಕಟ್ಟಡಗಳ ನಡುವಿನ ಎಳೆಗಳಿಗೆ ಲೂಪ್ ಗಾರ್ಡ್ ಬರೆದೆ. ಯಾರೂ ಬಳಸದ ಪೋರ್ಟುಗಳನ್ನೆಲ್ಲ ಮುಚ್ಚಿದೆ.

ಮುಂದಿನ ವರ್ಷ ವಿದ್ಯಾರ್ಥಿಯೊಬ್ಬ ಮನೆಯಿಂದ ತಂದ ಪುಟ್ಟ ಸ್ವಿಚ್ಚನ್ನು ಪ್ರಯೋಗಶಾಲೆಯ ಮೇಜಿಗೆ ಸಿಕ್ಕಿಸಿ, ಅದರ ಎರಡು ಪೋರ್ಟುಗಳನ್ನು ಒಂದೇ ತಂತಿಯಿಂದ ಜೋಡಿಸಿಬಿಟ್ಟನಂತೆ. ನಮ್ಮ ಓಲೆ ಅದರೊಳಗೆ ಸುತ್ತಿ ಮರಳಿ ಬಂದೊಡನೆ ಆ ಒಂದು ಪೋರ್ಟು ಮುಚ್ಚಿಕೊಂಡಿತು. ಸ್ವಿಚ್ಚಿನ ದಿನಚರಿಯಲ್ಲಿ ಒಂದು ಸಾಲು ದಾಖಲಾಯಿತು. ಪಕ್ಕದ ಕಟ್ಟಡದ ಕಚೇರಿಯಲ್ಲಿ ಗುಮಾಸ್ತರು ಶುಲ್ಕದ ರಸೀದಿ ಬರೆಯುತ್ತಲೇ ಇದ್ದರು. ಅಲ್ಲಿ ಏನೋ ಆಯಿತೆಂಬುದು ಅವರಿಗೆ ತಿಳಿಯಲೇ ಇಲ್ಲ.